ಡೊಂಬಿವಲಿಯಲ್ಲಿ ತೆರೆಯದ ಜರ್ನಲ್

ಮುಂಬಯಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ನೌಕರಿ ಮಾಡುತ್ತಲೇ ಪಿಎಚ್.ಡಿ.ಗೆ ಓದುತ್ತಿದ್ದ ಕನ್ನಡಿಗರೊಬ್ಬರು ಪ್ರತಿ ಶನಿವಾರ, ಬ್ಯಾಂಕಿನ ಅರ್ಧ ದಿನದ ಕೆಲಸ ಮುಗಿಸಿ, ಪೆನ್‌ಡ್ರೈವ್ ಹಿಡಿದು ಬರುತ್ತಿದ್ದರು. ಡೊಂಬಿವಲಿಯ ಅವರ ಮನೆಯಲ್ಲಿ ಕಂಪ್ಯೂಟರೂ ಇತ್ತು, ಇಂಟರ್‌ನೆಟ್ಟೂ ಇತ್ತು. ಆದರೆ ನಮ್ಮ ಕಾಲೇಜು ಚಂದಾ ಕಟ್ಟಿ ತರಿಸುತ್ತಿದ್ದ ಜರ್ನಲ್‌ಗಳ ಲೇಖನಗಳು ಅಲ್ಲಿ ಸಾರಾಂಶದಿಂದಾಚೆಗೆ ತೆರೆದುಕೊಳ್ಳುತ್ತಿರಲಿಲ್ಲ.

ಅಚ್ಚಾದ ಸಂಪುಟವನ್ನು ಕೊಂಡ ಮೇಲೆ ಅದು ಗ್ರಂಥಾಲಯದ ಸ್ವತ್ತು. ಯಾರ ಕೈಗೆ ಕೊಡಬೇಕೆಂಬುದು ಗ್ರಂಥಪಾಲಕರ ವಿವೇಚನೆಗೆ ಬಿಟ್ಟದ್ದು. ಜರ್ನಲ್‌ಗಳ ಲೇಖನಗಳನ್ನು ಒಟ್ಟಾಗಿಡುವ ಡೇಟಾಬೇಸ್ ಹಾಗಲ್ಲ. ಅಲ್ಲಿ ಕೊಳ್ಳುವುದು ನಿಗದಿತ ಅವಧಿಗೆ ಓದುವ ಪರವಾನಗಿಯನ್ನು ಮಾತ್ರ, ಮತ್ತು ಓದುಗ ಎಂದರೆ ಯಾರು ಎಂಬುದನ್ನು ಪ್ರಕಾಶಕರೊಡನೆ ಮಾಡಿಕೊಂಡ ಒಪ್ಪಂದವೇ ಹೇಳುತ್ತದೆ. ಡೇಟಾಬೇಸ್‌ಗಳು ಸಿಡಿಗಳಲ್ಲಿ ಬರುತ್ತಿದ್ದಾಗ ಇದು ತೊಡಕೆನಿಸಲಿಲ್ಲ. ಆ ಕಂಪ್ಯೂಟರಿನ ಮುಂದೆ ಕೂತವರೇ ಓದುಗರು.

ಅವು ವೆಬ್‌ಗೆ ಬಂದ ಮೇಲೆ ಸಂಸ್ಥೆಯ ಐಪಿ ವಿಳಾಸವೇ, ಅಂದರೆ ಇಂಟರ್‌ನೆಟ್‌ನಲ್ಲಿ ಅದರ ಜಾಲವನ್ನು ಗುರುತಿಸುವ ಸಂಖ್ಯೆಯೇ, ಗುರುತಿನ ಚೀಟಿಯಾಯಿತು. ಆ ಜಾಲದ ಕಂಪ್ಯೂಟರುಗಳಿಗೆ ಮಾತ್ರ ಲೇಖನ ತೆರೆಯುತ್ತಿತ್ತು. ಪಾಸ್‌ವರ್ಡ್ ನೆನಪಿಡಬೇಕಿಲ್ಲ, ಯಾರು ಏನನ್ನು ಓದಿದರೆಂದು ಪ್ರಕಾಶಕರಿಗೆ ಹೆಸರು ಹಿಡಿದು ತಿಳಿಯುವುದೂ ಇಲ್ಲ. ಈ ಎರಡನೆಯ ಗುಣವನ್ನು ನಾನು ಇಂದಿಗೂ ದೊಡ್ಡದೆಂದೇ ಎಣಿಸುತ್ತೇನೆ. ಆದರೆ ಅದು ಹಾಸ್ಟೆಲುಗಳಿರುವ ಕ್ಯಾಂಪಸ್ಸಿಗೆ ಹೊಂದುವ ವ್ಯವಸ್ಥೆ. ವಿರಾರ್, ಕಲ್ಯಾಣ, ಪನ್ವೇಲ್‌ಗಳಿಂದ ಬಂದು ಸಂಜೆಯ ಲೋಕಲ್‌ನಲ್ಲಿ ಮರಳುವ ವಿದ್ಯಾರ್ಥಿಗಳಿಗೆ ಅದು ಒಗ್ಗಲಿಲ್ಲ.

ಇದಕ್ಕೊಂದು ಪರಿಹಾರವನ್ನು 1999ರಲ್ಲಿ ಅಮೆರಿಕದ ಅರಿಜೋನಾದ ಗ್ರಂಥಪಾಲಕ ಕ್ರಿಸ್ ಜಾಗರ್ ರೂಪಿಸಿದರು. ಅದೇ ಈಜೀಪ್ರಾಕ್ಸಿ. ಓದುಗರು ಮನೆಯಿಂದ ಗ್ರಂಥಾಲಯದ ಸರ್ವರ್‌ಗೆ ಲಾಗಿನ್ ಆದರೆ, ಅದು ತನ್ನ ವಿಳಾಸದಿಂದಲೇ ಪ್ರಕಾಶಕರ ತಾಣಕ್ಕೆ ಹೋಗಿ ಪುಟವನ್ನು ತಂದುಕೊಡುತ್ತದೆ. ಎಲ್ಲರೂ ಒಂದೇ ವಿಳಾಸದ ಹಿಂದೆ ನಿಲ್ಲುವುದರಿಂದ ಒಬ್ಬರ ತಪ್ಪಿಗೆ ಎಲ್ಲರ ದಾರಿಯೂ ಮುಚ್ಚಬಹುದು. ನಮ್ಮಲ್ಲೇ ಒಮ್ಮೆ ಪ್ರಬಂಧ ಸಲ್ಲಿಕೆಯ ವಾರದಲ್ಲಿ ಒಂದು ಲಾಗಿನ್‌ನಿಂದ ರಾತ್ರಿಯಿಡೀ ಸಾಲುಸಾಲಾಗಿ ಪಿಡಿಎಫ್‌ಗಳು ಇಳಿದಿದ್ದವು. ಬೆಳಗಾಗುವಷ್ಟರಲ್ಲಿ ಪ್ರಕಾಶಕರು ಸರ್ವರ್‌ನ ವಿಳಾಸವನ್ನೇ ತಡೆದಿದ್ದರು. ಯಾರು ಯಾವಾಗ ಏನನ್ನು ತೆರೆದರೆಂದು ಸರ್ವರ್ ದಾಖಲಿಸಿಡುವ ಲಾಗ್ ಕಡತವನ್ನು ಸಾಲು ಸಾಲಾಗಿ ನೋಡಿದಾಗ, ಆ ಲಾಗಿನ್ ಎರಡು ವರ್ಷ ಹಿಂದೆಯೇ ಕಾಲೇಜು ಬಿಟ್ಟ ವಿದ್ಯಾರ್ಥಿಯದೆಂದು ತಿಳಿಯಿತು. ಪಟ್ಟಿಯಿಂದ ಆ ಹೆಸರನ್ನು ಯಾರೂ ತೆಗೆದಿರಲಿಲ್ಲ.

ಭಾರತದಲ್ಲಿ ಕಾಲೇಜುಗಳಿಗಾಗಿ 2010ರಲ್ಲಿ ಎನ್-ಲಿಸ್ಟ್ ಎಂಬ ಇ-ಜರ್ನಲ್ ಯೋಜನೆ ಆರಂಭವಾಗಿ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸ್ವಂತ ಲಾಗಿನ್ ದೊರೆಯತೊಡಗಿತು. 2015ರ ಕೊನೆಗೆ ಅದು ಜರ್ನಲ್‌ಗಳಿಗೆ ಒಟ್ಟಾಗಿ ಚಂದಾ ಕಟ್ಟುವ ಇತರ ಒಕ್ಕೂಟಗಳೊಡನೆ ಇ-ಶೋಧಸಿಂಧು ಎಂಬ ರಾಷ್ಟ್ರೀಯ ಒಕ್ಕೂಟದಲ್ಲಿ ಸೇರಿತು. ಇದೇ ಅವಧಿಯಲ್ಲಿ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇನ್‌ಫೆಡ್ ಎಂಬ ವ್ಯವಸ್ಥೆಯನ್ನು ಬೆಳೆಸಿತು. ಇದರಲ್ಲಿ ಓದುಗರು ತಮ್ಮ ಸಂಸ್ಥೆಯ ಲಾಗಿನ್ ಬಳಸುತ್ತಾರೆ. 'ಇವರು ನಮ್ಮವರು' ಎಂದು ಸಂಸ್ಥೆ ಪ್ರಕಾಶಕರಿಗೆ ಖಾತರಿ ಕೊಡುತ್ತದೆ, ಹೆಸರನ್ನು ಹೇಳಲೇಬೇಕೆಂದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಇದರ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು.

2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿಟ್ಟು, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದೆ. ಹಣದ ಪ್ರಶ್ನೆಯನ್ನು ಅದು ಬಹಳಷ್ಟು ಹಗುರಾಗಿಸಿತು. ಯಾರಿಗೆ ಲಾಗಿನ್ ಕೊಡಬೇಕೆಂಬ ಪಟ್ಟಿಯ ಪ್ರಶ್ನೆ ಹಾಗೆಯೇ ಉಳಿದಿದೆ.

ಮಹಾರಾಷ್ಟ್ರದ ಕಾಲೇಜುಗಳಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಮಾಡುವ ಸಿಎಚ್‌ಬಿ (ಕ್ಲಾಕ್ ಅವರ್ ಬೇಸಿಸ್) ಅಧ್ಯಾಪಕರಿದ್ದಾರೆ. ಗ್ರಂಥಾಲಯಗಳು ಪ್ರಕಾಶಕರೊಡನೆ ಮಾಡಿಕೊಳ್ಳುವ ಒಪ್ಪಂದಕ್ಕೆ ಮಾದರಿಯಾಗಿರುವ ಅಮೆರಿಕದ ಲಿಬ್‌ಲೈಸೆನ್ಸ್ ಕರಡು ಅರೆಕಾಲಿಕ ನೌಕರರನ್ನೂ, ಖುದ್ದಾಗಿ ಗ್ರಂಥಾಲಯಕ್ಕೆ ಬಂದ ಹೊರಗಿನವರನ್ನೂ ಓದುಗರೆಂದೇ ಒಪ್ಪುತ್ತದೆ. ಆದರೆ ನಮ್ಮಲ್ಲಿ ಲಾಗಿನ್ ಪಟ್ಟಿ ತಯಾರಾಗುವುದು ಕಾಯಂ ನೌಕರರ ಸಂಬಳದ ಪಟ್ಟಿಯಿಂದ. ಈ ಎರಡು ಪಟ್ಟಿಗಳನ್ನು ಬೇರ್ಪಡಿಸಬೇಕೆಂದು ನಾನು ಪ್ರತಿ ಜೂನ್‌ನಲ್ಲಿ ಕಚೇರಿಗೆ ಬರೆಯುತ್ತೇನೆ. ಜುಲೈಯಲ್ಲಿ ಪಾಠ ಶುರುಮಾಡಿದ ಸಿಎಚ್‌ಬಿ ಅಧ್ಯಾಪಕರ ಲಾಗಿನ್ ಕೆಲವೊಮ್ಮೆ ದೀಪಾವಳಿ ಕಳೆದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಅವರೂ ನಮ್ಮ ಕಂಪ್ಯೂಟರಿನೆದುರು ಪೆನ್‌ಡ್ರೈವ್ ಹಿಡಿದು ಕೂರುತ್ತಾರೆ.