ಹಾರಿ ಇಳಿದ ಆ ಕಿತ್ತಳೆ ಕಾರು ಮತ್ತೆ ಓಡುತ್ತಿತ್ತೇ?

ಓದುಗರ ಪ್ರಶ್ನೆ: ‘ದಿ ಡ್ಯೂಕ್ಸ್ ಆಫ್ ಹ್ಯಾಝರ್ಡ್’ ಧಾರಾವಾಹಿಯಲ್ಲಿ ಹಳ್ಳ, ಬೇಲಿ, ಪೊಲೀಸ್ ವಾಹನಗಳನ್ನು ಹಾರಿ ದಾಟುವ ‘ಜನರಲ್ ಲೀ’ ಎಂಬ ಕಾರು ನೆಲಕ್ಕಿಳಿದ ಕೂಡಲೇ ಏನೂ ಆಗದಂತೆ ಓಡುತ್ತದೆ. ಆ ಹಾರಾಟ ನಿಜವೇ? ನಿಜವಾದರೆ ಕಾರು ಹೇಗೆ ಉಳಿಯುತ್ತಿತ್ತು?

ಉತ್ತರ: ಹಾರಾಟ ನಿಜ, ಆದರೆ ಕಾರು ಉಳಿಯುತ್ತಿರಲಿಲ್ಲ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1979ರಿಂದ 1985ರವರೆಗೆ 147 ಕಂತುಗಳಲ್ಲಿ ಪ್ರಸಾರವಾದ ಈ ಧಾರಾವಾಹಿಯಲ್ಲಿ ನಾವು ಒಂದೇ ಎಂದು ನಂಬಿ ನೋಡಿದ ಕಾರಿನ ಪಾತ್ರವನ್ನು ಡಾಡ್ಜ್ ಚಾರ್ಜರ್ ಎಂಬ ಮಾದರಿಯ ನೂರಾರು ಕಾರುಗಳು ನಿರ್ವಹಿಸಿವೆ. ಎಣಿಕೆಗಳು ಬೇರೆ ಬೇರೆಯಾಗಿದ್ದರೂ ಒಟ್ಟು ಸಂಖ್ಯೆ ಸುಮಾರು 300 ಎನ್ನಲಾಗುತ್ತದೆ. ಪಾತ್ರಕ್ಕೆ ಬೇಕಾದದ್ದು 1969ರ ಮಾದರಿ; ಅದು ಸಿಗದಿದ್ದಾಗ 1968 ಮತ್ತು 1970ರ ಕಾರುಗಳನ್ನೇ ತಂದು, ಹಾಗೆ ಕಾಣುವಂತೆ ಮಾರ್ಪಡಿಸಿ, ಕಿತ್ತಳೆ ಬಣ್ಣ ಬಳಿದು, ಬಾಗಿಲಿನ ಮೇಲೆ 01 ಎಂದು ಬರೆಯುತ್ತಿದ್ದರು.

ಮೊದಲ ಹಾರಾಟ ನಡೆದದ್ದು 1978ರ ನವೆಂಬರ್ 11ರಂದು, ಜಾರ್ಜಿಯಾ ರಾಜ್ಯದ ಆಕ್ಸ್‌ಫರ್ಡ್ ಕಾಲೇಜಿನ ಆವರಣದಲ್ಲಿ. ಪೊಲೀಸ್ ಕಾರೊಂದರ ಮೇಲಿಂದ ಸುಮಾರು 16 ಅಡಿ ಎತ್ತರಕ್ಕೆ ಚಿಮ್ಮಿದ ಚಾರ್ಜರ್ ಸುಮಾರು 82 ಅಡಿ ದೂರದಲ್ಲಿ ನೆಲ ಮುಟ್ಟಿತು. ತೆರೆಯ ಮೇಲೆ ಕೆಲವೇ ಕ್ಷಣಗಳಲ್ಲಿ ಮುಗಿಯುವ ಈ ದೃಶ್ಯದ ಹಿಂದೆ ಒಂದು ಕಠಿಣ ಲೆಕ್ಕಾಚಾರವಿತ್ತು. ಹಾರಲೆಂದು ಕಟ್ಟಿದ ಇಳಿಜಾರಿನ ಅಂಚನ್ನು ದಾಟುವಾಗ ಮುಂದಿನ ಚಕ್ರಗಳು ಮೊದಲು ಆಧಾರ ಕಳೆದುಕೊಳ್ಳುತ್ತವೆ. ಹಿಂದಿನ ಚಕ್ರಗಳು ಆ ಗಳಿಗೆಯಲ್ಲಿ ಇನ್ನೂ ಇಳಿಜಾರಿನ ಮೇಲೆಯೇ ಇರುತ್ತವೆ. ಎಂಟು ಸಿಲಿಂಡರ್‌ಗಳ ಭಾರವಾದ ವಿ8 ಎಂಜಿನ್ ಮುಂಭಾಗದಲ್ಲಿಯೇ ಇರುವುದರಿಂದ ಕಾರು ಮೂತಿ ತಗ್ಗಿಸಿ ಮುಗ್ಗರಿಸತೊಡಗುತ್ತದೆ. ಗಾಳಿಯಲ್ಲಿದ್ದಾಗ ಅದನ್ನು ನೆಟ್ಟಗೆ ಮಾಡಲು ಚಾಲಕನ ಕೈಯಲ್ಲಿ ಹೆಚ್ಚಿನ ಉಪಾಯವೇನೂ ಇರುವುದಿಲ್ಲ. ಸ್ಟೀರಿಂಗ್ ತಿರುಗಿಸಿದರೂ ದಿಕ್ಕು ಬದಲಾಗುವುದಿಲ್ಲ. ಆದ್ದರಿಂದ ಹಾರುವ ಮೊದಲೇ ಡಿಕ್ಕಿಯೊಳಗೆ ಮರಳಿನ ಚೀಲಗಳನ್ನೋ ಕಾಂಕ್ರೀಟನ್ನೋ ತುಂಬಿ, ನೂರಾರು ಕಿಲೋ ತೂಕವನ್ನು ಹಿಂಭಾಗಕ್ಕೆ ಸೇರಿಸಿ, ಮೂತಿ ಕುಸಿಯುವ ವೇಗವನ್ನು ತಗ್ಗಿಸುತ್ತಿದ್ದರು.

ಇಷ್ಟಾದರೂ ನೆಲಕ್ಕಿಳಿಯುವ ಪೆಟ್ಟನ್ನು ತಪ್ಪಿಸಲಾಗುತ್ತಿರಲಿಲ್ಲ. ಚಾರ್ಜರ್‌ನಲ್ಲಿ ಲಾರಿಗಿರುವಂತೆ ಪ್ರತ್ಯೇಕ ಚಾಸಿ, ಅಂದರೆ ಮೈಯನ್ನು ಹೊರುವ ಅಡಿಚೌಕಟ್ಟು, ಇಲ್ಲ. ಮೈಯೇ ಅದರ ಎಲುಬು. ಆ ಮೈ ಒಮ್ಮೆ ಬಾಗಿತೆಂದರೆ ಚಕ್ರಗಳ ಜೋಡಣೆ ತಪ್ಪುತ್ತದೆ, ಬಾಗಿಲುಗಳು ಸರಿಯಾಗಿ ಕೂರುವುದಿಲ್ಲ, ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ದೊಡ್ಡ ಹಾರಾಟ ಮಾಡಿದ ಕಾರು ಅಲ್ಲಿಗೇ ಮುಗಿಯಿತು. ಮುಂದಿನ ಚಿತ್ರಿಕೆಯಲ್ಲಿ ಧೂಳೆಬ್ಬಿಸುತ್ತಾ ಓಡುವುದು ಇನ್ನೊಂದು ಚಾರ್ಜರ್. ಎರಡನ್ನೂ ಒಂದಾಗಿಸುವುದು ಸಂಕಲನಕಾರನ ಕತ್ತರಿ. ಆದರೆ ಹಾರುವ ಕಾರಿನೊಳಗೆ ಒಬ್ಬ ಮನುಷ್ಯನಿರುತ್ತಿದ್ದ, ಆ ಪೆಟ್ಟನ್ನು ಅವನ ಬೆನ್ನೆಲುಬೂ ತಿನ್ನುತ್ತಿತ್ತು ಎಂಬುದನ್ನು ನಾವು ಮರೆಯಬಾರದು. ಈ ಕಾರಿನ ಕೀರ್ತಿಯಲ್ಲಿ ದೊಡ್ಡ ಪಾಲು ಆ ಸ್ಟಂಟ್ ಚಾಲಕರದೇ ಎಂದು ನಾನು ನಂಬುತ್ತೇನೆ.

ವರ್ಷಗಳು ಕಳೆದಂತೆ ಚಾರ್ಜರ್‌ಗಳು ಸಿಗುವುದೇ ದುರ್ಲಭವಾಯಿತು. ಕೊನೆಕೊನೆಯ ಕಂತುಗಳಲ್ಲಿ ಹಳೆಯ ಹಾರಾಟದ ತುಣುಕುಗಳನ್ನೇ ಮತ್ತೆ ಬಳಸಿದರು. ಪುಟ್ಟ ಮಾದರಿ ಕಾರುಗಳನ್ನೂ ಹಾರಿಸಿದರು. ಅವುಗಳ ಹಗುರವಾದ ಚಲನೆ ಗಮನವಿಟ್ಟು ನೋಡುವವರ ಕಣ್ಣಿಗೆ ಬೀಳದೆ ಇರುವುದಿಲ್ಲ.

ಕಾರಿನ ಹೆಸರು ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಸೇನಾಪತಿ ರಾಬರ್ಟ್ ಇ. ಲೀ ಅವರದ್ದು, ಚಾವಣಿಯ ಮೇಲಿದ್ದುದು ಆ ಪಡೆಯ ಬಾವುಟ. ಇದು ಅಲಂಕಾರ ಮಾತ್ರ ಎಂದು ಬದಿಗೆ ಸರಿಸುವಂಥ ವಿಷಯವಲ್ಲ. ಮೊದಲ ಹಾರಾಟದಲ್ಲಿ ಜಖಂಗೊಂಡ ಕಾರು ಎಷ್ಟೋ ವರ್ಷಗಳ ನಂತರ ಜಾರ್ಜಿಯಾದ ಗುಜರಿಯೊಂದರಲ್ಲಿ ಪತ್ತೆಯಾಗಿ, ದುರಸ್ತಿಗೊಂಡು, 2012ರ ಹರಾಜಿನಲ್ಲಿ ಗಾಲ್ಫ್ ಆಟಗಾರ ಬಬ್ಬಾ ವಾಟ್ಸನ್ ಅವರಿಗೆ 1,10,000 ಡಾಲರ್‌ಗೆ ಮಾರಾಟವಾಯಿತು. ಚಾವಣಿಯ ಆ ಬಾವುಟವನ್ನು ಅಳಿಸಿ ಅಮೆರಿಕದ ರಾಷ್ಟ್ರಧ್ವಜವನ್ನು ಬರೆಸುವುದಾಗಿ ಅವರು 2015ರಲ್ಲಿ ಪ್ರಕಟಿಸಿದರು.