ಅಡಿಕೆ ಹೊತ್ತ ಅಟ್ಟ ಮನುಷ್ಯರನ್ನು ಹೊರಲ್ವಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಹಳೇ ಹೆಂಚಿನ ಮನೆ. ಮಗ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾನೆ, ಅವನಿಗೊಂದು ಕೋಣೆ ಬೇಕು. ಹೊಸದಾಗಿ ಕಟ್ಟಿಸುವಷ್ಟು ದುಡ್ಡಿಲ್ಲ. ಅಟ್ಟ ಖಾಲಿ ಬಿದ್ದಿದೆ. ಹಿಂದೆ ಇಪ್ಪತ್ತು ಕ್ವಿಂಟಾಲ್ ಅಡಿಕೆ ಇಡುತ್ತಿದ್ದ ಅಟ್ಟ, ಗಟ್ಟಿಯಾಗಿದೆ. ಎರಡಿಂಚು ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸಿದರೆ ಸಾಕಲ್ವಾ?

ಉತ್ತರ: ಅಡಿಕೆ ಸುಗ್ಗಿ ಮುಗಿಯುತ್ತಿದ್ದ ಹಾಗೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಊರು ಬೇರೆ, ಕ್ವಿಂಟಾಲ್ ಲೆಕ್ಕ ಬೇರೆ, ಮಾತು ಮಾತ್ರ ಅದೇ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ. ಕೋಣೆ ಮಾಡಬಹುದು. ಕಮ್ಮಿ ದುಡ್ಡಲ್ಲೇ ಮಾಡಬಹುದು. ಕಾಂಕ್ರೀಟ್ ಮಾತ್ರ ಬೇಡವೇ ಬೇಡ. ಅಡಿಕೆಯ ಲೆಕ್ಕವನ್ನೂ ದಯವಿಟ್ಟು ಬಿಡಿ.

ಯಾಕೆ ಅಂತ ನೋಡಿ. ಇಪ್ಪತ್ತು ಕ್ವಿಂಟಾಲ್ ಅಂದರೆ 2000 ಕೆಜಿ. ಕೇಳಲು ದೊಡ್ಡದು. ಆದರೆ ಅದನ್ನು ಇಟ್ಟಿದ್ದು ಎಷ್ಟು ಜಾಗದಲ್ಲಿ? ಅಟ್ಟ 400 ಚದರ ಅಡಿ ಇದ್ದರೆ ಚದರ ಅಡಿಗೆ ಬಿದ್ದದ್ದು ಬರೀ 5 ಕೆಜಿ. ವಾಸದ ಕೋಣೆಯ ನೆಲ ಚದರ ಮೀಟರಿಗೆ 200 ಕೆಜಿ ತಡೆಯಬೇಕು ಅಂತ ನಮ್ಮ ದೇಶದ ಮಾನದಂಡ ಐಎಸ್ 875 ಹೇಳುತ್ತದೆ. ಚದರ ಅಡಿಗೆ ಸುಮಾರು 19 ಕೆಜಿ ಆಯಿತು. ನಿಮ್ಮ ಅಡಿಕೆ ಅದರ ಕಾಲು ಭಾಗದ ಆಸುಪಾಸಿನಲ್ಲಿ ನಿಂತಿತು. ಬಟ್ಟೆ ತುಂಬಿದ ಕಬ್ಬಿಣದ ಬೀರು ಒಂದೂವರೆ ಕ್ವಿಂಟಾಲ್ ತೂಗುತ್ತದೆ ಅಂದುಕೊಳ್ಳಿ, ಅಷ್ಟೂ ಭಾರ ಆರೇಳು ಚದರ ಅಡಿಯಲ್ಲಿ, ಅದೂ ನಾಲ್ಕು ಕಾಲಿನ ಮೇಲೆ ಬೀಳುತ್ತದೆ.

ಇನ್ನೊಂದು ವಿಷಯ. ಹಿರಿಯರು ಚೀಲಗಳನ್ನು ಹೆಚ್ಚಾಗಿ ಗೋಡೆಗೆ ಒತ್ತಿ ಜೋಡಿಸುತ್ತಿದ್ದರು, ನಡುವೆ ಓಡಾಡಲು ದಾರಿ ಬಿಡುತ್ತಿದ್ದರು. ಗೋಡೆ ಹತ್ತಿರ ಇಟ್ಟ ಭಾರಕ್ಕೆ ಜಂತೆ (ಅಟ್ಟದ ನೆಲ ಹೊರುವ ಅಡ್ಡಮರ) ಅಷ್ಟಾಗಿ ಬಾಗುವುದಿಲ್ಲ. ಕೋಣೆಯಲ್ಲಿ ನಾವು ಕೂರುವುದು, ಮೇಜು ಹಾಕುವುದು, ನಾಲ್ಕು ಜನ ಬಂದರೆ ಚಾಪೆ ಹಾಸುವುದು ಎಲ್ಲ ನಡುವೆಯೇ. ಅಡಿಕೆ ಎದ್ದು ಓಡಾಡುವುದಿಲ್ಲ. ಮಕ್ಕಳು ಓಡುತ್ತಾರೆ, ಜಿಗಿಯುತ್ತಾರೆ.

ಈಗ ಕಾಂಕ್ರೀಟ್. ಎರಡಿಂಚು ದಪ್ಪಕ್ಕೆ ಚದರ ಅಡಿಗೆ 11 ಕೆಜಿ ಹತ್ತಿರ ಬರುತ್ತದೆ. ಅದೇ 400 ಚದರ ಅಡಿಗೆ ಹಾಕಿದರೆ 44 ಕ್ವಿಂಟಾಲ್ ದಾಟುತ್ತದೆ. ಇದಕ್ಕಿನ್ನೂ ಟೈಲ್ಸ್ ಸೇರಿಲ್ಲ, ಮಗ ಕುರ್ಚಿ ಎಳೆದುಕೊಂಡು ಕೂತಿಲ್ಲ. ಅಡಿಕೆಯ ಎರಡು ಪಟ್ಟು ಭಾರವನ್ನು ಮೊದಲೇ ಹೇರಿ, ಇಳಿಸದೆ ಹಾಗೇ ಬಿಟ್ಟಂತಾಯಿತು. ಅಡಿಕೆಯಾದರೂ ರೇಟು ಬಂದಾಗ ಇಳಿಯುತ್ತಿತ್ತು.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: "ಹಳೇ ಕಾಲದ ಮರ ಸಾರ್, ಕಬ್ಬಿಣ ಇದ್ದ ಹಾಗೆ." ನಡುಭಾಗ ಹಾಗೇ ಇರಬಹುದು. ನೋಡಬೇಕಾದ್ದು ತುದಿಯನ್ನು. ಸಾಗರದ ಹತ್ತಿರ ಒಂದು ಮನೆಯಲ್ಲಿ ಜಂತೆಗಳು ನೋಡಲು ಚೆಂದವಾಗಿದ್ದವು. ಹೊಗೆ ಹಿಡಿದು ಕಪ್ಪಗೆ ಮಿರುಗುತ್ತಿದ್ದವು, ಸುತ್ತಿಗೆಯಲ್ಲಿ ಬಡಿದರೆ ಟಣ್ ಅನ್ನುತ್ತಿದ್ದವು. ಗೋಡೆ ಪಕ್ಕದ ಒಂದು ಹಲಗೆ ಎಬ್ಬಿಸಿ, ಜಂತೆ ಗೋಡೆಯೊಳಗೆ ಹೋಗುವ ಕಡೆ ಸ್ಕ್ರೂಡ್ರೈವರ್ ಒತ್ತಿದೆವು. ಹಿಡಿಯವರೆಗೂ ಸಲೀಸಾಗಿ ಇಳಿಯಿತು. ಹೊರಗೆಳೆದಾಗ ಅದರ ಜೊತೆ ಹಸಿ ಪುಡಿ ಬಂತು, ಹಿಂದೆಯೇ ನಾಲ್ಕು ಒರಲೆ. ಮೇಲಿನ ಹೆಂಚೊಂದು ಒಡೆದು ಗೋಡೆ ತಲೆಗೆ ನೀರು ಇಳಿಯುತ್ತಿತ್ತು. ಜಂಬಿಟ್ಟಿಗೆಯಾಗಲಿ ಮಣ್ಣಿನ ಗೋಡೆಯಾಗಲಿ ಒಮ್ಮೆ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಗೋಡೆಯೊಳಗಿನ ಮರಕ್ಕೆ ಗಾಳಿಯೂ ಇಲ್ಲ. ಹೊರಗೆ ಕಾಣುವ ಹತ್ತಡಿ ಮರ ಗಟ್ಟಿ ಇದ್ದು ಏನು ಪ್ರಯೋಜನ? ಭಾರವೆಲ್ಲ ಗೋಡೆಗೆ ಇಳಿಯುವುದು ಆ ಆರಿಂಚಿನ ತುದಿಯಿಂದ.

ಹಾಗಾಗಿ ಮೊದಲ ಖರ್ಚು ಬಡಗಿಯ ಒಂದು ದಿನದ ಕೂಲಿ. ಪ್ರತಿ ಜಂತೆಯ ಎರಡೂ ತುದಿ ಚುಚ್ಚಿ ನೋಡಿಸಿ. ಜಂತೆಯ ಕೆಳಗೆ ಗೋಡೆಯಿಂದ ಗೋಡೆಗೆ ದಾರ ಬಿಗಿದು ಕಟ್ಟಿ, ನಡುವೆ ಎಷ್ಟು ಬಾಗಿದೆ ಅಳೆಯಿರಿ. ಹನ್ನೆರಡು ಅಡಿಯ ಜಂತೆ ಅರ್ಧ ಇಂಚಿಗಿಂತ ಜಾಸ್ತಿ ಬಾಗಿದ್ದರೆ, ಅದು ಆಗಲೇ ಸುಸ್ತಾಗಿದೆ ಅಂತ ಲೆಕ್ಕ. ಸಾಧ್ಯವಾದರೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೂ ತೋರಿಸಿ.

ಸರಿ ಮಾಡುವ ದಾರಿ ಇದೆ, ಭಾರಿ ದುಡ್ಡೇನೂ ಬೇಡ. ಮುಚ್ಚಿಗೆಯ (ಜಂತೆ ಮೇಲೆ ಹಾಸಿದ ಹಲಗೆಯ) ಮೇಲೆ ಮಣ್ಣು ಹಾಕಿದ್ದಾರಾ ನೋಡಿ. ಮೂರಿಂಚು ಮಣ್ಣಿದ್ದರೆ ಚದರ ಅಡಿಗೆ 10 ಕೆಜಿಗೂ ಮೇಲೆ. ಅದನ್ನು ತೆಗೆದರೆ ಅಷ್ಟು ಭಾರ ಹೊರುವ ಶಕ್ತಿ ಜಂತೆಗೆ ವಾಪಸ್ ಬರುತ್ತದೆ, ಖರ್ಚು ಬರೀ ಕೂಲಿ. (ಮೇಲೆ ಬೆಂಕಿ ಬಿದ್ದರೆ ಕೆಳಗಿನ ಮನೆ ಉಳಿಯಲಿ, ಬೇಸಿಗೆಯಲ್ಲಿ ತಂಪಿರಲಿ ಅಂತ ಹಿರಿಯರು ಆ ಮಣ್ಣು ಹಾಕಿದ್ದು. ತೆಗೆದ ಮೇಲೆ ವೈರಿಂಗ್ ವಿಷಯದಲ್ಲಿ ಸಡಿಲ ಬಿಡಬೇಡಿ. ಇಲಿ ಕಡಿದ ಹಳೇ ವೈರ್ ಪೂರ್ತಿ ಕಿತ್ತು, ಪೈಪಿನೊಳಗೆ ಹೊಸದು ಎಳೆಸಿ, ಶಾರ್ಟ್ ಆದರೆ ತಾನೇ ಕರೆಂಟ್ ಕಡಿಯುವ ಎಂಸಿಬಿ ಹಾಕಿಸಿ.)

ಆಮೇಲೆ, ಜಂತೆಗಳ ನಡುಮಧ್ಯಕ್ಕೆ ಅಡ್ಡಲಾಗಿ ಕೆಳಗಿನಿಂದ ಒಂದು ತೊಲೆ ಕೊಡಿ. ಮರದ್ದಾದರೂ ಸರಿ, ಕಬ್ಬಿಣದ ಐ ಸೆಕ್ಷನ್ ಆದರೂ ಸರಿ. ಇದೇ ನಾನು ಎಲ್ಲರಿಗೂ ಹೇಳುವ ಕೆಲಸ. ಹನ್ನೆರಡು ಅಡಿ ಜಂತೆಗೆ ನಡುವೆ ಆಸರೆ ಸಿಕ್ಕರೆ ಅದು ಆರಾರು ಅಡಿಯ ಎರಡು ಜಂತೆಯಾಗುತ್ತದೆ. ಭಾರ ಅಡಿ ಅಡಿಗೂ ಸಮನಾಗಿ ಹರಡಿದ್ದರೆ, ಉದ್ದ ಅರ್ಧವಾದಾಗ ಬಾಗುವುದು ಅರ್ಧವಲ್ಲ, ಹದಿನಾರರಲ್ಲಿ ಒಂದು ಪಾಲು. ಮಕ್ಕಳು ನಂಬುವುದಿಲ್ಲ ಅಂದರೆ ಒಂದು ಮರದ ಸ್ಕೇಲ್ ತಂದು ತೋರಿಸಿ, ಕಣ್ಣಿಗೇ ಕಾಣುತ್ತದೆ. ತೊಲೆಯ ಎರಡೂ ತುದಿಗೆ ಕಂಬ ಬೇಕು. ಕಂಬವನ್ನು ಕಾವಿ ನೆಲದ ಮೇಲೆ ಸುಮ್ನೆ ನಿಲ್ಲಿಸಬೇಡಿ, ನೆಲ ಅಗೆದು ಕೆಳಗೆ ಕಲ್ಲಿನ ಪಾಯ ಕೊಡಿ. ತುದಿ ಕೊಳೆತ ಜಂತೆಗೆ ಪಕ್ಕದಲ್ಲಿ ಹೊಸ ಮರ ಜೋಡಿಸಿ ಬೋಲ್ಟ್ ಹಾಕಿಸಿ.

ನೆಲಕ್ಕೆ ನೀರು ತಡೆಯುವ 18 ಎಂಎಂ ಪ್ಲೈವುಡ್ ಸಾಕು, ಚದರ ಅಡಿಗೆ ಒಂದೂವರೆ ಕೆಜಿ ಮೀರಲ್ಲ. ಮೆಟ್ಟಿಲಿಗೆ ಜಾಗ ಬೇಕು ಅಂತ ನಡುವಿನ ಜಂತೆ ಕೊಯ್ಯಬೇಡಿ. ಅಟ್ಟದಲ್ಲಿ ಬಾತ್‌ರೂಮ್ ಬೇಡ.

ತಲೆ ತಾಗುತ್ತಾ ಅನ್ನುವುದನ್ನು ಕಮ್ಮಿ ಜನ ಕೇಳುತ್ತಾರೆ, ಆಮೇಲೆ ಪೇಚಾಡುತ್ತಾರೆ. 24 ಅಡಿ ಅಗಲದ ಮನೆ, 30 ಡಿಗ್ರಿ ಇಳಿಜಾರಿನ ಹೆಂಚಿನ ಮಾಡು ಅಂದುಕೊಳ್ಳಿ. ಮಾಡು ಅಟ್ಟದ ನೆಲದ ಮಟ್ಟದಿಂದಲೇ ಏಳುತ್ತಿದ್ದರೆ ನೆತ್ತಿಯ ಎತ್ತರ ಏಳಡಿಗೂ ಸ್ವಲ್ಪ ಕಮ್ಮಿ. ಆರಡಿ ಎತ್ತರ ಸಿಗುವುದು ನಡುವಿನ ಮೂರಡಿ ಪಟ್ಟಿಯಲ್ಲಿ ಮಾತ್ರ. ಅಟ್ಟದ ಸುತ್ತ ಮೂರಡಿ ಗೋಡೆ ಇದ್ದರೆ ಅದೇ ಪಟ್ಟಿ ಹದಿಮೂರಡಿ ದಾಟುತ್ತದೆ. ಗೋಡೆ ಇಲ್ಲದವರು ಕೋಣೆಯ ಆಸೆ ಬಿಟ್ಟು, ಹಾಸಿಗೆ ಮತ್ತು ಪುಸ್ತಕಕ್ಕೆ ಅಟ್ಟ ಬಳಸಿಕೊಳ್ಳುವುದು ಒಳ್ಳೆಯದು. ಮಾಡು ಎತ್ತರಿಸಲು ಹೊರಟರೆ ಕಮ್ಮಿ ಬಜೆಟ್ಟಿನ ಮಾತು ಅಲ್ಲಿಗೆ ಮುಗಿಯಿತು.

ಹೆಂಚು ತೆಗೆದು ಶೀಟ್ ಹಾಕಬೇಡಿ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ ಶೀಟಿನ ಮೇಲೆ ಸುರಿದರೆ ಮಗ ಮೀಟಿಂಗಿನಲ್ಲಿ ಮಾತಾಡಿದ್ದು ಅವನಿಗೇ ಕೇಳಿಸಲ್ಲ. ಹೇಗೂ ಹೆಂಚು ಕೈಯಾಡಿಸುತ್ತೀರಲ್ಲ, ಆಗಲೇ ಒಳಗಿನಿಂದ ರೀಪಿಗೆ (ಹೆಂಚು ಕೂರುವ ಪಟ್ಟಿಗೆ) ನಾಲ್ಕು ಇಂಚು ಅಂತರ ಬಿಟ್ಟು ಹಲಗೆ ಹೊಡೆಸಿ. ಸೂರಿನಿಂದ ನೆತ್ತಿವರೆಗೆ ಗಾಳಿ ಆಡಬೇಕು, ಬಿಸಿ ಅಲ್ಲಿಂದಲೇ ಹೊರಹೋಗುತ್ತದೆ. ಎರಡು ಗಾಜಿನ ಹೆಂಚು ಸಾಕು, ಜಾಸ್ತಿ ಹಾಕಿದರೆ ಮಾರ್ಚ್ ತಿಂಗಳಲ್ಲಿ ಕೂರಲಾಗಲ್ಲ.

ಇನ್ನು ನೀವು ಕೇಳದ ವಿಷಯ ಒಂದಿದೆ. ಇಷ್ಟು ವರ್ಷ ಹಾಳಾಗದ ಅಟ್ಟ ಈಚೆಗೆ ಯಾಕೆ ಹಾಳಾಗುತ್ತಿದೆ? ಒಲೆ ನಿಂತಿದ್ದಕ್ಕೆ. ಸೌದೆ ಒಲೆ ಇದ್ದಾಗ ಹೊಗೆ ದಿನಾ ಅಟ್ಟಕ್ಕೆ ಏರುತ್ತಿತ್ತು. ಆಷಾಢದ ಮಳೆಯಲ್ಲೂ ಮರ ಬೆಚ್ಚಗೆ ಒಣಗಿರುತ್ತಿತ್ತು, ಮಸಿ ಹಿಡಿದ ಮರದ ಹತ್ತಿರ ಹುಳ ಅಷ್ಟಾಗಿ ಸುಳಿಯುತ್ತಿರಲಿಲ್ಲ. ಗ್ಯಾಸ್ ಬಂತು, ಅಡುಗೆ ಮಾಡುವ ಹೆಂಗಸರ ಕಣ್ಣು ಮತ್ತು ಎದೆಗೆ ಆರಾಮಾಯಿತು. ಅದು ಆಗಲೇಬೇಕಿತ್ತು. ಆದರೆ ಮರಕ್ಕೆ ಸಿಗುತ್ತಿದ್ದ ಆರೈಕೆ ತಪ್ಪಿತು, ಅದನ್ನು ನಾವು ಬೇರೆ ದಾರಿಯಲ್ಲಿ ಕೊಡಬೇಕು. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಜಂತೆಗೆ, ಮಾಡಿನ ಇಳಿಜಾರು ಮರವಾದ ಪಕಾಸಿಗೆ ಬಳಿಯುವುದು ನಮ್ಮ ಕಡೆ ಹಳೇ ಪದ್ಧತಿ. ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಶಿವರಾತ್ರಿ ಕಳೆದ ಮೇಲೆ, ಮರ ಚೆನ್ನಾಗಿ ಒಣಗಿದಾಗ ಎರಡು ಸಲ ಬಳಿಸಿ. ಜಂತೆಯ ತುದಿ ಗೋಡೆಗೆ ಸೇರುವ ಕಡೆ ಸುತ್ತಲೂ ಬೆರಳಗಲ ಜಾಗ ಬಿಡಿ, ಸಿಮೆಂಟ್ ಮೆತ್ತಿ ಮುಚ್ಚಬೇಡಿ. ಕೋಣೆ ಮುಗಿದ ಮೇಲೂ ಆ ತುದಿಗಳ ಹತ್ತಿರದ ಪ್ಲೈವುಡ್ ತುಂಡನ್ನು ಮೊಳೆಯ ಬದಲು ಸ್ಕ್ರೂ ಹಾಕಿಯೇ ಕೂರಿಸಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಲು ಅನುಕೂಲ.