ಬಾವಿಗೆ ಬೈಕಿನ ಸೆನ್ಸರ್ ಇಳಿಸಬಹುದಾ?

ಹೋದ ವಾರ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೇಳಿದರು: "ಸಾರ್, ನನ್ನ ಬಿಎಸ್-6 ಬೈಕಿನ ಸೈಲೆನ್ಸರ್ ಪೈಪಲ್ಲಿ ಆಕ್ಸಿಜನ್ ಸೆನ್ಸರ್ ಇದೆಯಂತಲ್ಲ, ಅದನ್ನೇ ಬಿಚ್ಚಿ ಬಾವಿಗೆ ಇಳಿಬಿಟ್ಟರೆ ಆಗಲ್ವಾ?" ಹಳೇ ಬಾವಿಯ ಹೂಳು ತೆಗೆಸಬೇಕಿತ್ತು ಅವರಿಗೆ. ಒಳಗೆ ಉಸಿರಾಡುವಷ್ಟು ಆಕ್ಸಿಜನ್ ಇದೆಯಾ ಅಂತ ಅವರಪ್ಪ ಲಾಟೀನು ಇಳಿಸಿ ನೋಡುತ್ತಿದ್ದರಂತೆ. ಲಾಟೀನು ಆರುವ ಹೊತ್ತಿಗೆ ಆಕ್ಸಿಜನ್ ಶೇಕಡಾ 16ರ ಆಸುಪಾಸಿಗೆ ಬಂದಿರುತ್ತದೆ. ಆದರೆ 19.5ಕ್ಕಿಂತ ಕಡಿಮೆ ಇದ್ದರೇ ಇಳಿಯಬಾರದು ಅನ್ನುವುದು ಸುರಕ್ಷತೆಯ ಲೆಕ್ಕ.

ಬೈಕಿನದು ಆಗಲ್ಲ. ಅದರಲ್ಲಿ ಹೆಚ್ಚಾಗಿ ಇರುವುದು ಜಿರ್ಕೋನಿಯಾ ಅನ್ನುವ ಪಿಂಗಾಣಿಯಂಥ ವಸ್ತು, 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೇ ಅದು ಬಾಯಿ ಬಿಡುವುದು.

ತಣ್ಣಗಿದ್ದೇ ಕೆಲಸ ಮಾಡುವ ಸೆನ್ಸರ್ ಬೇಕು ಅಂತ ಟಿನ್ ಆಕ್ಸೈಡ್, ಜಿಂಕ್ ಆಕ್ಸೈಡ್, ಸೀರಿಯಂ ಆಕ್ಸೈಡ್‌ಗಳ ಹಿಂದೆ ಸೆನ್ಸರ್ ಮಾಡಲು ಹೊರಟ ನಮ್ಮಂಥವರು ಬಿದ್ದಿದ್ದೇವೆ. ಕೆಲಸ ಸರಳ. ಟಿನ್ ಆಕ್ಸೈಡ್ ಮೈಮೇಲೆ ಆಕ್ಸಿಜನ್ ಬಂದು ಕೂತರೆ ಒಳಗಿನ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ರೆಸಿಸ್ಟೆನ್ಸ್ (ಕರೆಂಟು ಹರಿಯಲು ಇರುವ ಅಡ್ಡಿ) ಏರುತ್ತದೆ. ಆಕ್ಸಿಜನ್ ಎದ್ದು ಹೋದರೆ ಇಳಿಯುತ್ತದೆ. ಬಿಸಿ ಇದ್ದಾಗ ಈ ಕೂರುವುದು, ಏಳುವುದು ಚುರುಕು. ತಣ್ಣಗಿದ್ದರೆ ಕೂತದ್ದು ಏಳುವುದೇ ಇಲ್ಲ, ಊಟ ಮುಗಿದರೂ ಜಗಲಿ ಬಿಡದ ನೆಂಟರ ಹಾಗೆ. ಕಣಗಳನ್ನು 6 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಆಸುಪಾಸಿಗೆ ಇಳಿಸಿದರೆ ಆಕ್ಸಿಜನ್ನಿನ ಪ್ರಭಾವ ಕಣದ ನಡುವಿನವರೆಗೂ ಮುಟ್ಟುತ್ತದೆ, ಹಾಗಾಗಿ ಸೂಕ್ಷ್ಮತೆ ಜಾಸ್ತಿಯಾಗುತ್ತದೆ. ಪ್ರಬಂಧಗಳೆಲ್ಲ ಇದನ್ನೇ ಹೊಗಳುತ್ತವೆ.

ನನ್ನ ತಕರಾರು ಬೇರೆ: ನೀರು. ಏಪ್ರಿಲ್‌ನಲ್ಲಿ ಶಿವಮೊಗ್ಗದ ನನ್ನ ಮೇಜಿನ ಮೇಲೆ ಜಿಂಕ್ ಆಕ್ಸೈಡ್ ಪದರವೊಂದು ಚೆನ್ನಾಗೇ ನಡೆಯುತ್ತಿತ್ತು. ಎರಡು ಚುಕ್ಕೆ ಬೆಳ್ಳಿ ಪೇಸ್ಟ್, ಎರಡು ತಂತಿ, ಒಂದು ಮಲ್ಟಿಮೀಟರ್, ಅಷ್ಟೇ. ಆಕ್ಸಿಜನ್ ಇಲ್ಲದ ನೈಟ್ರೋಜನ್ ಹಾಯಿಸಿದರೆ ಮೀಟರಿನ ಮೆಗಾಓಮ್, ಅಂದರೆ ರೆಸಿಸ್ಟೆನ್ಸ್, ಇಳಿಯುತ್ತಿತ್ತು, ಗಾಳಿ ಹಾಯಿಸಿದರೆ ನಿಧಾನವಾಗಿ ಏರುತ್ತಿತ್ತು. ಜುಲೈ ಬಂತು, ಡಬ್ಬಿಯ ಹಪ್ಪಳವೂ ಮೆತ್ತಗಾಗುವ ಕಾಲ. ಸುಮ್ನೆ ಒಂದು ಸಲ ಉಸಿರು ಬಿಟ್ಟೆ ನೋಡಿ, ನೈಟ್ರೋಜನ್‌ಗಿಂತ ಜಾಸ್ತಿ ಇಳಿಯಿತು! ಮೈಮೇಲೆ ಕೂತ ನೀರೂ ರೆಸಿಸ್ಟೆನ್ಸ್ ಇಳಿಸುತ್ತದೆ, ಆಕ್ಸಿಜನ್ ಕಡಿಮೆಯಾದರೂ ಇಳಿಯುತ್ತದೆ. ಎರಡೂ ಒಂದೇ ದಿಕ್ಕು. ಒದ್ದೆ ಬಾವಿಯೊಳಗೆ ಇದನ್ನು ಇಳಿಸಿದರೆ ಯಾವುದನ್ನು ನಂಬುತ್ತೀರಿ?

ಜಿಂಕ್ ಆಕ್ಸೈಡ್ ಮೇಲೆ 365 ನ್ಯಾನೋಮೀಟರ್ ತರಂಗಾಂತರದ ಯುವಿ (ಅತಿನೇರಳೆ) ಎಲ್‌ಇಡಿ ಬೆಳಕು ಬಿಟ್ಟರೆ ಕೂತ ಆಕ್ಸಿಜನ್ ಎದ್ದು ಜಾಗ ಬಿಟ್ಟುಕೊಡುತ್ತದೆ, ಚುರುಕೂ ಬರುತ್ತದೆ. ನನಗೆ ಹೆಚ್ಚು ನಂಬಿಕೆ ಇರುವುದು ಇನ್ನೊಂದು ದಾರಿಯಲ್ಲಿ: ಆಗಾಗ ಒಂದು ಚಿಕ್ಕ ಬಿಸಿ ಕೊಟ್ಟು ನೀರು ಹಾರಿಸುವುದು, ಮಳೆಗಾಲದಲ್ಲಿ ಬಚ್ಚಲೊಲೆ ಮೇಲೆ ಬಟ್ಟೆ ಒಣಗಿಸುತ್ತೇವಲ್ಲ ಹಾಗೆ. ಹೀಟರ್ ಚಿಪ್ಪಿನೊಳಗೇ ಇದ್ದರೆ ಬ್ಯಾಟರಿಯೂ ತಡೆಯುತ್ತದೆ. ಪಕ್ಕದಲ್ಲಿ ತೇವಾಂಶದ ಸೆನ್ಸರ್ ಅಂತೂ ಇರಲೇಬೇಕು. "ರೂಮ್ ಟೆಂಪರೇಚರ್ ಸೆನ್ಸರ್" ಅಂತ ಯಾರಾದರೂ ಗ್ರಾಫ್ ತೋರಿಸಿದರೆ ನಾನು ಮೊದಲು ಕೇಳುವುದೇ ತೇವಾಂಶ ಎಷ್ಟಿತ್ತು ಅಂತ. ಎಷ್ಟೋ ಜನ ಒಣ ಗಾಳಿಯಲ್ಲಷ್ಟೇ ಅಳೆದಿರುತ್ತಾರೆ.

ಬೆಳೆಗಾರರಿಗೆ ಹೇಳಿದೆ: ರಾಸಾಯನಿಕ ಕ್ರಿಯೆಯಿಂದ ಆಕ್ಸಿಜನ್ ಅಳೆಯುವ ಎಲೆಕ್ಟ್ರೋಕೆಮಿಕಲ್ ಸೆಲ್ ಇರುವ ಮೀಟರ್ ಬಾಡಿಗೆಗೆ ತನ್ನಿ. ಒಳಗಿನ ಸೀಸ ಸವೆದು ಸೆಲ್ ಎರಡು ವರ್ಷದಲ್ಲಿ ಸುಸ್ತಾಗುತ್ತದೆ, ಹಾಗಾಗಿ ತಾರೀಕು ನೋಡಿ. ಅಂಗಳದಲ್ಲಿ ಮಾಮೂಲಿ ಗಾಳಿಯ ಶೇಕಡಾ 20.9 ತೋರಿಸಿದರೆ ಮಾತ್ರ ಹಗ್ಗಕ್ಕೆ ಕಟ್ಟಿ, ತಳದ ತನಕ ಇಳಿಸಿ.